ಕ್ರ್ಯಾಂಕ್‌ಬೈಟ್: ಬ್ಯಾಸಿಗೆ ಯಾವುದು, ಪೈಕಿಗೆ ಯಾವುದು?

ನನ್ನ ಡಬ್ಬಿಯಲ್ಲಿ ಸದ್ಯಕ್ಕೆ ನಲವತ್ತೊಂದು ಕ್ರ್ಯಾಂಕ್‌ಬೈಟ್‌ಗಳಿವೆ. ಅದರಲ್ಲಿ ನೀರು ಕಾಣುವುದು ಐದೋ ಆರೋ. ಉಳಿದವೆಲ್ಲ ಬಣ್ಣಕ್ಕೆ ಮರುಳಾಗಿ ಕೊಂಡವು. ತುಂಗೆಯ ದಡದಲ್ಲಿ ಬಿದಿರು ಕೋಲಿಗೆ ತಂಗೂಸಿ ಕಟ್ಟಿ, ಎರೆಹುಳು ಪೋಣಿಸಿ ಕೂತು ಬೆಳೆದವನು ನಾನು. ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ಸಿನ ಅಂಗಡಿಯೊಂದರ ಗೋಡೆ ತುಂಬ ನೇತುಹಾಕಿದ್ದ ಈ ನಕಲಿ ಮೀನುಗಳನ್ನು ಮೊದಲ ಸಲ ಕಂಡಾಗ ಜಾತ್ರೆಯ ಬಳೆಯಂಗಡಿ ಎದುರು ನಿಂತ ಹಾಗಾಗಿತ್ತು. ಈಗ ಹೊಸದಾಗಿ ಇಲ್ಲಿಗೆ ಬರುವ ನಮ್ಮವರು ಲೈಸೆನ್ಸ್ ಮಾಡಿಸಿಕೊಂಡು, ಕೋಲು ರೀಲು ಕೊಂಡು, ಅದೇ ಥರದ ಗೋಡೆಯ ಫೋಟೊ ತೆಗೆದು ಕಳಿಸುತ್ತಾರೆ: "ಅಣ್ಣಾ, ಇದರಲ್ಲಿ ಯಾವುದು ತಗೊಳ್ಳಲಿ?" ಎಲ್ಲರಿಗೂ ನಾನು ಕೇಳುವುದು ಒಂದೇ: ನೀನು ಗಾಳ ಎಸೆಯುವ ಜಾಗದಲ್ಲಿ ನೀರು ಎಷ್ಟು ಅಡಿ?

ಕ್ರ್ಯಾಂಕ್‌ಬೈಟ್ ಅಂದರೆ ಮೀನಿನಾಕಾರದ ಒಂದು ತುಂಡು, ಮೂತಿಯ ಕೆಳಗೆ ಮುಂದಕ್ಕೆ ಚಾಚಿದ ಒಂದು ತಗಡು. ಇಂಗ್ಲಿಷಿನವರು ಅದಕ್ಕೆ ತುಟಿ ಅನ್ನುತ್ತಾರೆ, ನನಗೆ ಅದು ನಾಲಗೆಯ ಹಾಗೇ ಕಾಣುತ್ತದೆ. ರೀಲು ಸುತ್ತಿದಾಗ ನೀರು ಆ ನಾಲಗೆಯನ್ನು ಒತ್ತುತ್ತದೆ, ಮೂತಿ ಕೆಳಗಾಗುತ್ತದೆ, ಇಡೀ ಮೈ ಅತ್ತಿತ್ತ ಒದ್ದಾಡುತ್ತ ಇಳಿಯುತ್ತದೆ. ಸುತ್ತುವುದು ನಿಲ್ಲಿಸಿದರೆ ಹೆಚ್ಚಿನವು ತೇಲಿ ಮೇಲೆ ಬರುತ್ತವೆ. ನಾಲಗೆ ಉದ್ದವಿದ್ದು ಮೈಗೆ ನೇರವಾಗಿದ್ದಷ್ಟೂ ಆಳಕ್ಕೆ ಹೋಗುತ್ತದೆ. ಗಿಡ್ಡವಾಗಿ ಕೆಳಮುಖವಾಗಿದ್ದರೆ ಮೇಲೆಮೇಲೇ ಓಡುತ್ತದೆ. ಪ್ಯಾಕೆಟ್ಟಿನ ಮೇಲೆ ಏನೂ ಬರೆದಿಲ್ಲದಿದ್ದರೂ ನಾಲಗೆ ನೋಡಿದರೆ ಅರ್ಧ ಜಾತಕ ಗೊತ್ತಾಗುತ್ತದೆ.

ಮೀನು ಯಾವುದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಲಾರ್ಜ್‌ಮೌತ್ ಬ್ಯಾಸ್ ಜೊಂಡು, ಕಳೆ, ಮುಳುಗಿದ ಮರ ಇರುವ ಕಡೆ. ಸ್ಮಾಲ್‌ಮೌತ್ ಬ್ಯಾಸ್ ಕಲ್ಲು ಬಂಡೆಯ ಕಡೆ. ನಾರ್ದರ್ನ್ ಪೈಕ್ (ಇಲ್ಲಿಯವರ ಬಾಯಲ್ಲಿ ಬರೀ 'ನಾರ್ದರ್ನ್') ಕಳೆಯ ಅಂಚಿನಲ್ಲಿ ಕೋಲಿನ ಹಾಗೆ ನಿಶ್ಚಲ ನಿಂತು, ಹತ್ತಿರ ಬಂದದ್ದಕ್ಕೆ ಅಡ್ಡಲಾಗಿ ನುಗ್ಗುವ ಪ್ರಾಣಿ. ಮಿನೆಸೋಟದ ಎಷ್ಟೋ ಕೆರೆಗಳಲ್ಲಿ ಬ್ಯಾಸ್ ಮತ್ತು ಪೈಕ್ ಒಂದೇ ಕಳೆಯ ಅಕ್ಕಪಕ್ಕದಲ್ಲಿರುತ್ತವೆ. ಹಾಗಾಗಿ ನೀವು ಬ್ಯಾಸಿಗೆಂದು ಎಸೆದರೂ ಪೈಕ್ ಬರುತ್ತದೆ. ಇದು ನೆನಪಿರಲಿ, ಮುಂದೆ ದುಡ್ಡಿನ ವಿಷಯ ಬಂದಾಗ ಬೇಕಾಗುತ್ತದೆ.

ಮೊದಲು ಆಳ

ಕ್ರ್ಯಾಂಕ್‌ಬೈಟ್ ಏನನ್ನಾದರೂ ತಾಕುತ್ತಿರಬೇಕು. ಕಲ್ಲಿಗೆ ಬಡಿಯಬೇಕು, ಮರದ ಕೊರಡಿಗೆ ಡಿಕ್ಕಿ ಹೊಡೆದು ಪಕ್ಕಕ್ಕೆ ಹಾರಬೇಕು, ಕಳೆಯ ತಲೆ ಸವರಬೇಕು. ಬರೀ ನೀರಿನಲ್ಲಿ ನೆಟ್ಟಗೆ ಈಜಿ ಬರುವ ಲ್ಯೂರನ್ನು (ಈ ನಕಲಿ ಮೀನುಗಳಿಗೆ ಇಂಗ್ಲಿಷಿನ ಹೆಸರು ಅದು) ಬ್ಯಾಸ್ ಬಹಳ ಸಲ ಸುಮ್ಮನೆ ನೋಡಿ ಬಿಡುತ್ತದೆ. ಅದೇ ಲ್ಯೂರ್ ಕಲ್ಲಿಗೆ ಟಕ್ಕೆಂದು ತಾಗಿ ದಿಕ್ಕು ತಪ್ಪಿದ ಕ್ಷಣ ಬಾಯಿ ಹಾಕುತ್ತದೆ. ಆದ್ದರಿಂದ ನೀರಿನ ಆಳಕ್ಕಿಂತ ಒಂದೆರಡು ಅಡಿ ಹೆಚ್ಚು ಇಳಿಯಬಲ್ಲದ್ದನ್ನು ಆರಿಸಿ. ಐದಡಿ ನೀರಿಗೆ ಆರಡಿಯದು, ಎಂಟಡಿಗೆ ಹತ್ತಡಿಯದು. ಕಳೆ ಇರುವ ಕಡೆ ಲೆಕ್ಕ ಬೇರೆ: ನೀರು ಹತ್ತಡಿ, ಕಳೆ ತಳದಿಂದ ಆರಡಿ ಎದ್ದಿದೆ ಅಂದರೆ ನಿಮಗಿರುವುದು ನಾಲ್ಕೇ ಅಡಿ.

ರಾಪಲಾ ಕಂಪನಿಯ ಡಿಟಿ ಸಾಲಿನ ಲ್ಯೂರುಗಳಲ್ಲಿ ಈ ಲೆಕ್ಕ ಹೆಸರಲ್ಲೇ ಇದೆ. ಡಿಟಿ 6 ಅಂದರೆ ಆರಡಿ, ಡಿಟಿ 10 ಹತ್ತಡಿ, ಡಿಟಿ 16 ಹದಿನಾರಡಿ. ಹೊಸಬರಿಗೆ ನಾನು ಅದನ್ನೇ ಹೇಳುವುದಕ್ಕೆ ಅರ್ಧ ಕಾರಣ ಈ ಹೆಸರೇ. ಆದರೆ ಪ್ಯಾಕೆಟ್ಟಿನ ಅಡಿ ಸಿಗುವುದು ದೂರಕ್ಕೆ ಎಸೆದು ತೆಳು ದಾರದಲ್ಲಿ ಎಳೆದಾಗ ಮಾತ್ರ. ದಾರ ದಪ್ಪವಾದಷ್ಟೂ ನೀರಿನಲ್ಲಿ ಅದರ ತಡೆ ಹೆಚ್ಚು, ಲ್ಯೂರ್ ಮೇಲೇ ಉಳಿಯುತ್ತದೆ. ಇನ್ನೊಂದು, ಲ್ಯೂರ್ ಬಿದ್ದ ತಕ್ಷಣ ತಳ ಮುಟ್ಟುವುದಿಲ್ಲ. ಎಸೆತದ ಮೊದಲ ಭಾಗ ಇಳಿಯುವುದಕ್ಕೆ, ಕೊನೆಯ ಭಾಗ ಮೇಲೆ ಬರುವುದಕ್ಕೆ ಹೋಗುತ್ತದೆ, ನಿಜವಾದ ಆಳದಲ್ಲಿ ಓಡುವುದು ಮಧ್ಯದಲ್ಲಷ್ಟೇ. ಹತ್ತು ಮಾರು ಎಸೆಯುವವರ ಕೈಯಲ್ಲಿ ಹದಿನಾರಡಿಯ ಲ್ಯೂರು ಹದಿನಾರಡಿ ಕಾಣುವುದೇ ಇಲ್ಲ.

ದಡದಿಂದ ಎಸೆಯುವವರು ಇಲ್ಲೇ ಮೋಸ ಹೋಗುವುದು. ದೋಣಿಯವರು ಆಳದಲ್ಲಿ ನಿಂತು ದಡದ ಕಡೆ ಎಸೆದು ಎಳೆಯುತ್ತಾರೆ, ಲ್ಯೂರ್ ಇಳಿದಂತೆಲ್ಲ ತಳವೂ ಇಳಿಯುತ್ತದೆ. ದಡದಲ್ಲಿ ನಿಂತ ನಾವು ಆಳಕ್ಕೆ ಎಸೆದು ನಮ್ಮತ್ತ ಎಳೆದುಕೊಳ್ಳುತ್ತೇವೆ, ಲ್ಯೂರ್ ಇಳಿಯುವ ಹೊತ್ತಿಗೆ ತಳ ಮೇಲೇರಿ ಬರುತ್ತದೆ. ಉದ್ದ ನಾಲಗೆಯದು ಕೊನೆಯ ಇಪ್ಪತ್ತು ಅಡಿಯಲ್ಲಿ ನೇಗಿಲ ಹಾಗೆ ಮಣ್ಣು ಉಳುತ್ತ ಪಾಚಿ ಹೊತ್ತುಕೊಂಡು ಬರುತ್ತದೆ. ದಡದವರಿಗೆ, ಡಾಕ್ (ನೀರಿನೊಳಕ್ಕೆ ಚಾಚಿದ ಅಟ್ಟಣೆ) ಮೇಲೆ ನಿಲ್ಲುವವರಿಗೆ ಆರಡಿ ಮೇಲಿನದು ಬೇಡ. ಸಾಧ್ಯವಾದರೆ ನೀರಿಗೆ ಎದುರಾಗಿ ಎಸೆಯದೆ ದಡದ ಗುಂಟ ಅಡ್ಡ ಎಸೆಯಿರಿ, ಆಗ ಲ್ಯೂರ್ ಪೂರ್ತಿ ದಾರಿ ಒಂದೇ ಆಳದಲ್ಲಿ ಬರುತ್ತದೆ.

ಸ್ಕ್ವೇರ್‌ಬಿಲ್ಲೋ, ಲಿಪ್‌ಲೆಸ್ಸೋ

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಆಯ್ಕೆ ಇದು. ಎರಡೂ ಕಡಿಮೆ ನೀರಿನವು, ಎರಡರ ಬೆಲೆಯೂ ಹೆಚ್ಚುಕಡಿಮೆ ಆರರಿಂದ ಹತ್ತು ಡಾಲರ್, ಎರಡಕ್ಕೂ ಬ್ಯಾಸ್ ಮತ್ತು ಪೈಕ್ ಬೀಳುತ್ತವೆ. ಆದರೂ ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ.

ಸ್ಕ್ವೇರ್‌ಬಿಲ್ಲಿನ ನಾಲಗೆ ಗಿಡ್ಡ, ತುದಿ ಚೌಕ. ಮೈ ಉಬ್ಬಿಕೊಂಡಿರುತ್ತದೆ. ಇದರ ಮೂಲ ಟೆನ್ನೆಸ್ಸೀಯ ಫ್ರೆಡ್ ಯಂಗ್ ಎಂಬವರು 1960ರ ದಶಕದಲ್ಲಿ ಬಾಲ್ಸಾ ಮರದಲ್ಲಿ ಕೈಯಿಂದ ಕೆತ್ತುತ್ತಿದ್ದ 'ಬಿಗ್ ಓ'. ಮುಂದೆ ಲ್ಯೂರ್ ತಯಾರಕ ಕಾಟನ್ ಕಾರ್ಡೆಲ್ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ ಮನೆಮನೆಗೆ ಮುಟ್ಟಿಸಿದ. ಚೌಕ ನಾಲಗೆಯ ಗುಣ ಏನೆಂದರೆ ಮರದ ಕೊಂಬೆಗೆ ತಾಗಿದಾಗ ಮೂಲೆ ಮೊದಲು ಬಡಿದು ಲ್ಯೂರ್ ಪಕ್ಕಕ್ಕೆ ಮಗುಚುತ್ತದೆ, ಹಿಂದಿನ ಗಾಳಗಳು ಕೊಂಬೆಗೆ ಸಿಗದೆ ತಪ್ಪಿಸಿಕೊಳ್ಳುತ್ತವೆ. ಮುಳುಗಿದ ಮರದೊಳಗೆ ಮೂರು ಮುಳ್ಳಿನ ಎರಡೆರಡು ಗಾಳ ಹೊತ್ತ ವಸ್ತುವನ್ನು ಎಸೆಯಲು ಮೊದಮೊದಲು ಜೀವ ಬಾಯಿಗೆ ಬರುತ್ತದೆ. ಎಸೆಯಿರಿ. ಬಡಿದದ್ದು ಕೈಗೆ ಗೊತ್ತಾದ ಕೂಡಲೇ ಒಂದು ಕ್ಷಣ ಸುತ್ತುವುದು ನಿಲ್ಲಿಸಿ, ತೇಲಿ ಮೇಲೆ ಬರಲಿ, ಮತ್ತೆ ಸುತ್ತಿ. ಆ ನಿಲುಗಡೆಯಲ್ಲೇ ಬ್ಯಾಸ್ ಕಚ್ಚುವುದು. ಸ್ಟ್ರೈಕ್ ಕಿಂಗ್‌ನ ಕೆವಿಡಿ 1.5 ಈ ಜಾತಿಯಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದು, ನಾನು ಹೆಚ್ಚು ಬಳಸುವುದೂ ಅದನ್ನೇ.

ಲಿಪ್‌ಲೆಸ್ಸಿಗೆ ನಾಲಗೆಯೇ ಇಲ್ಲ. ಚಪ್ಪಟೆ ಮೈ, ನೆತ್ತಿಯ ಮೇಲೆ ದಾರ ಕಟ್ಟುವ ಬಳೆ, ಹೊಟ್ಟೆಯೊಳಗೆ ಗುಂಡುಗಳು. ಅಲ್ಲಾಡಿಸಿದರೆ ಮಗುವಿನ ಗಿಲಕಿಯೇ. ಲೂಸಿಯಾನದ ಬಿಲ್ ಲೂಯಿಸ್ ಮಾಡಿದ ರ್ಯಾಟ್-ಎಲ್-ಟ್ರ್ಯಾಪ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಇದು ಮುಳುಗುತ್ತದೆ. ಅಂದರೆ ಆಳವನ್ನು ನಾಲಗೆ ನಿರ್ಧರಿಸುವುದಿಲ್ಲ, ನಿಮ್ಮ ಕೈ ನಿರ್ಧರಿಸುತ್ತದೆ. ಬೇಗ ಸುತ್ತಿದರೆ ಎರಡಡಿ, ಇಳಿಯಲು ಬಿಟ್ಟು ನಿಧಾನ ಸುತ್ತಿದರೆ ಹತ್ತಡಿ. ಎದುರುಗಾಳಿಯಲ್ಲೂ ಕಲ್ಲಿನ ಹಾಗೆ ಹೋಗಿ ಬೀಳುತ್ತದೆ. ಮರದ ನಡುವೆ ಮಾತ್ರ ಬೇಡ, ಕೊಂಬೆಗೆ ಸಿಕ್ಕಿದರೆ ತೇಲಿ ಬಿಡಿಸಿಕೊಳ್ಳುವ ಗುಣ ಇದಕ್ಕಿಲ್ಲ.

ಇದರ ಸಾಮ್ರಾಜ್ಯ ಕಳೆ. ಮೇ ತಿಂಗಳ ನಡುವೆ ಮಿನೆಸೋಟದಲ್ಲಿ ಸೀಸನ್ ತೆರೆಯುವಾಗ ಕಳೆ ಇನ್ನೂ ಮೊಣಕಾಲೆತ್ತರ. ಹಿಮ ಕರಗುತ್ತಿದ್ದ ಹಾಗೇ ಮೊಟ್ಟೆಯಿಟ್ಟು ಮುಗಿಸಿದ ಪೈಕ್ ಇನ್ನೂ ಬೆಚ್ಚನೆಯ ಕಡಿಮೆ ನೀರಿನಲ್ಲಿ ಅಡ್ಡಾಡುತ್ತಿರುತ್ತದೆ. ಆಗ ಲಿಪ್‌ಲೆಸ್ಸನ್ನು ಕಳೆಯ ತಲೆಗೆ ತಾಗುವ ಹಾಗೆ ಎಳೆಯಬೇಕು. ಸಿಕ್ಕಿಕೊಂಡಿತೋ, ಕೋಲನ್ನು ಒಮ್ಮೆಗೇ ಜಗ್ಗಿ ಕಿತ್ತು, ಮತ್ತೆ ಇಳಿಯಲು ಬಿಡಬೇಕು. ಇಲ್ಲಿ ಕಳೆಯ ಜಾತಿ ತಿಳಿದಿರಬೇಕು. 'ಕ್ಯಾಬೇಜ್' ಅನ್ನುವ ಅಗಲ ಎಲೆಯ ಕಳೆ ಗರಿಗರಿ, ಜಗ್ಗಿದರೆ ಹುರುಳಿಕಾಯಿ ಮುರಿದ ಹಾಗೆ ಪಟ್ಟೆಂದು ಬಿಡುತ್ತದೆ, ಲ್ಯೂರ್ ಶುಭ್ರವಾಗಿ ಹೊರಬರುತ್ತದೆ. ಯುರೇಷಿಯನ್ ಮಿಲ್‌ಫಾಯಿಲ್ ಹಾಗಲ್ಲ, ಒದ್ದೆ ಶಾವಿಗೆಯ ಹಾಗೆ ಸುತ್ತಿಕೊಳ್ಳುತ್ತದೆ. ಮಿನಿಯಾಪೊಲಿಸ್ಸಿನ ಪಶ್ಚಿಮಕ್ಕಿರುವ ಮಿನ್ನೆಟೊಂಕಾ ಕೆರೆಯಲ್ಲಿ 1987ರಲ್ಲಿ ಕಾಣಿಸಿಕೊಂಡ ಈ ಕಳೆ ಅಲ್ಲೇ ನೆಲೆಯೂರಿದೆ. ಜುಲೈ ಹೊತ್ತಿಗೆ ಮಿಲ್‌ಫಾಯಿಲ್ ಮೇಲಕ್ಕೆ ಬಂದ ಕಡೆ ಲಿಪ್‌ಲೆಸ್ ಎಸೆದರೆ ನೀವು ಹಿಡಿಯುವುದು ಸೊಪ್ಪು ಮಾತ್ರ. ಅಲ್ಲಿ ಕಳೆಯ ಹೊರ ಅಂಚಿಗೆ ಸಮಾನಾಂತರವಾಗಿ ಡಿಟಿ 10 ಥರದ್ದನ್ನು ಓಡಿಸಬೇಕು.

ನನ್ನ ತೀರ್ಪು: ನೀವು ಹೋಗುವ ಕೆರೆಯಲ್ಲಿ ಮರ, ಕಲ್ಲು, ಡಾಕಿನ ಕಂಬ ಹೆಚ್ಚಿದ್ದರೆ ಸ್ಕ್ವೇರ್‌ಬಿಲ್. ಕಳೆ ಹೆಚ್ಚಿದ್ದರೆ, ಅದರಲ್ಲೂ ಪೈಕ್ ಬೇಕಿದ್ದರೆ, ಲಿಪ್‌ಲೆಸ್. ಒಂದೇ ಕೊಳ್ಳುವ ದುಡ್ಡಿದ್ದರೆ ಮಿನೆಸೋಟದಲ್ಲಿ ಲಿಪ್‌ಲೆಸ್ ಕೊಳ್ಳಿ. ದಕ್ಷಿಣದ ರಾಜ್ಯಗಳಲ್ಲಿ ಜಲಾಶಯದ ಬ್ಯಾಸ್ ಹಿಡಿಯುವವರು ಇದನ್ನು ಒಪ್ಪಲಿಕ್ಕಿಲ್ಲ, ಅವರ ನೀರೇ ಬೇರೆ.

ಮರವೋ ಪ್ಲಾಸ್ಟಿಕ್ಕೋ

ಫಿನ್ಲೆಂಡಿನ ಲೌರಿ ರಾಪಲಾ 1936ರಲ್ಲಿ ಕಾರ್ಕ್ ಕೆತ್ತಿ, ಚಾಕೊಲೇಟಿನ ಬೇಗಡೆ ಸುತ್ತಿ, ಫೋಟೊ ನೆಗೆಟಿವ್ ಕರಗಿಸಿ ಮೇಲೆ ಲೇಪ ಕೊಟ್ಟು ತನ್ನ ಮೊದಲ ಲ್ಯೂರ್ ಮಾಡಿದ್ದು. ಅದನ್ನು ಅಮೆರಿಕಕ್ಕೆ ತಂದು ಮಾರಿದ ರಾನ್ ವೆಬರ್ ಮತ್ತು ರೇ ಆಸ್ಟ್ರಮ್ ಮಿನಿಯಾಪೊಲಿಸ್ಸಿನವರೇ. 1962ರಲ್ಲಿ 'ಲೈಫ್' ಪತ್ರಿಕೆ ಅದರ ಬಗ್ಗೆ ಬರೆದದ್ದು ಮರ್ಲಿನ್ ಮನ್ರೋ ಮುಖಪುಟದ ಸಂಚಿಕೆಯಲ್ಲಿ. ಆಮೇಲೆ ಬೇಡಿಕೆ ತಡೆಯಲಾಗಲಿಲ್ಲ. 1982ರಲ್ಲಿ ಅದೇ ಕಂಪನಿಯ ಶ್ಯಾಡ್ ರ್ಯಾಪ್ ಬಂದಾಗ ಸಾಕಷ್ಟು ಮಾಲು ಸಿಗದೆ ಇಲ್ಲಿನ ಕೆಲವು ಅಂಗಡಿಗಳು ದಿನದ ಬಾಡಿಗೆಗೆ ಕೊಡುತ್ತಿದ್ದವಂತೆ. ನಮ್ಮೂರಲ್ಲಿ ಸೈಕಲ್ ಬಾಡಿಗೆಗೆ ತರುತ್ತಿದ್ದುದು ನೆನಪಾಗಿ ನಗು ಬಂತು, ಸೈಕಲ್ಲನ್ನು ಪೈಕ್ ನುಂಗುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಬಾಲ್ಸಾ ಮರದ್ದು ಹಗುರ. ಸಣ್ಣ ಎಳೆತಕ್ಕೂ ಜೀವ ಬರುತ್ತದೆ, ನಿಲ್ಲಿಸಿದರೆ ತಟ್ಟನೆ ತೇಲುತ್ತದೆ, ಒಳಗೆ ಗುಂಡಿಲ್ಲದಿದ್ದರೆ ಸದ್ದೂ ಇಲ್ಲ. ನೀರು ತಣ್ಣಗಿದ್ದಾಗ, ಸುಮಾರು 55 ಡಿಗ್ರಿ ಫ್ಯಾರನ್‌ಹೀಟಿನ ಕೆಳಗೆ, ಮೀನು ಜಡವಾಗಿರುವಾಗ, ಶ್ಯಾಡ್ ರ್ಯಾಪ್‌ನ ಬಿಗಿಯಾದ ಸಣ್ಣ ನಡುಕದ ಮುಂದೆ ಉಬ್ಬುಹೊಟ್ಟೆಯ ಪ್ಲಾಸ್ಟಿಕ್ಕುಗಳ ಕುಣಿತ ಅತಿಯಾಯಿತು ಅನ್ನಿಸುತ್ತದೆ. ಆದರೆ ಗಾಳಿಗೆ ಎದುರು ಎಸೆದರೆ ಮರದ್ದು ನಿಮ್ಮ ಮುಖಕ್ಕೇ ವಾಪಸು ಬರುತ್ತದೆ. ಕಲ್ಲಿಗೆ ಹತ್ತು ಸಲ ಬಡಿದರೆ ಬಣ್ಣ ಏಳುತ್ತದೆ, ಪೈಕಿನ ಹಲ್ಲು ಮರದೊಳಕ್ಕೇ ಇಳಿಯುತ್ತದೆ. ಒಮ್ಮೆ ನೀರು ಹೀರಿಕೊಂಡ ಬಾಲ್ಸಾ ಮತ್ತೆ ಮೊದಲಿನಂತೆ ಈಜುವುದಿಲ್ಲ. ಪೈಕಿಗೇ ಅಂತ ಹೊರಟ ದಿನ ಪ್ಲಾಸ್ಟಿಕ್ ಒಯ್ಯಿರಿ. ಸೀಸನ್ ತೆರೆದ ಹೊಸತರ, ಅಕ್ಟೋಬರಿನ ತಣ್ಣೀರಿಗೆ ಮರದ್ದು.

ಇಪ್ಪತ್ತಡಿ ಇಳಿಯುವ ದೊಡ್ಡ ನಾಲಗೆಯವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸಿಗೆಯ ನಡುವೆ ದೊಡ್ಡ ಪೈಕ್ ತಣ್ಣೀರು ಹುಡುಕಿ ಆಳಕ್ಕೆ ಹೋಗುವುದು ನಿಜ, ಆಗ ದೋಣಿ ಮತ್ತು ಸೋನಾರ್ ಇದ್ದವರಿಗೆ ಇವು ಬೇಕು. ದಿನವಿಡೀ ಎಸೆದರೆ ಬಾವಿಯಿಂದ ನೀರು ಸೇದಿದ ಹಾಗೆ ರಟ್ಟೆ ಬೀಳುತ್ತದೆ. ಎರಡು ಸಲ ಪ್ರಯತ್ನಿಸಿ ಡಬ್ಬಿಗೆ ಹಾಕಿದ್ದೇನೆ.

ಕೋಲು, ದಾರ

ಕೋಲು ಬಾಗುವಂಥದ್ದಿರಲಿ. ಕ್ರ್ಯಾಂಕ್‌ಬೈಟಿನ ಗಾಳಗಳು ಸಣ್ಣವು, ಮೀನು ತನ್ನಷ್ಟಕ್ಕೆ ಸಿಕ್ಕಿಕೊಳ್ಳುತ್ತದೆ. ಬಿಗಿ ಕೋಲಿನಲ್ಲಿ ಹೊಡೆದೆಳೆದರೆ ಬಾಯಿಂದ ಕಿತ್ತುಬರುತ್ತದೆ. ಏಳಡಿಯ, ಫೈಬರ್‌ಗ್ಲಾಸ್ ಬೆರೆತ ಕೋಲು ಸಾಕು. ಲಿಪ್‌ಲೆಸ್ಸನ್ನು ಕಳೆಯಿಂದ ಕೀಳಲು ಮಾತ್ರ ತುಸು ಬಿಗಿ ಬೇಕು. ದಾರ (ಪೌಂಡ್ ಅಂದರೆ ಅದು ತುಂಡಾಗದೆ ತಡೆಯುವ ಭಾರ): ಸ್ಕ್ವೇರ್‌ಬಿಲ್ಲಿಗೆ 12ರಿಂದ 15 ಪೌಂಡಿನ ಸಾದಾ ನೈಲಾನ್, ಆಳದ್ದಕ್ಕೆ 10ರಿಂದ 12 ಪೌಂಡಿನ ಫ್ಲೂರೊಕಾರ್ಬನ್, ಕಳೆಯಲ್ಲಿ ಲಿಪ್‌ಲೆಸ್ಸಿಗೆ 30 ಪೌಂಡಿನ ಹೆಣೆದ ದಾರ. ನೈಲಾನ್ ಬಹಳ ನಿಧಾನ ಮುಳುಗುತ್ತದೆ, ಫ್ಲೂರೊಕಾರ್ಬನ್ ಬೇಗ ಮುಳುಗುತ್ತದೆ, ಒಂದೇ ಲ್ಯೂರ್ ಎರಡರಲ್ಲಿ ಬೇರೆಬೇರೆ ಆಳಕ್ಕೆ ಹೋಗುವುದು ಇದರಿಂದಲೂ.

ಹೊಸ ಲ್ಯೂರ್ ಕೊಂಡ ದಿನ ಡಾಕಿನ ಪಕ್ಕದಲ್ಲಿ ಓಡಿಸಿ ನೋಡಿ. ನಿಮ್ಮತ್ತ ಬರುವಾಗ ಒಂದು ಪಕ್ಕಕ್ಕೆ ವಾಲುತ್ತಿದ್ದರೆ ಆಳಕ್ಕೆ ಇಳಿಯುವುದಿಲ್ಲ, ಜೋರಾಗಿ ಎಳೆದರೆ ಮಗುಚಿ ಮೇಲೆ ಬರುತ್ತದೆ. ಲ್ಯೂರನ್ನು ಮೂತಿ ನಿಮ್ಮ ಕಡೆ ಇರುವ ಹಾಗೆ ಹಿಡಿಯಿರಿ. ಎಡಕ್ಕೆ ಓಡುತ್ತಿದ್ದರೆ ದಾರ ಕಟ್ಟುವ ಬಳೆಯನ್ನು ಇಕ್ಕಳದಿಂದ ಬಲಕ್ಕೆ ಕೂದಲೆಳೆಯಷ್ಟು ಬಾಗಿಸಿ. ಬಲಕ್ಕೆ ಓಡಿದರೆ ಎಡಕ್ಕೆ. ಬಳೆಯನ್ನು ತಿರುಚಬೇಡಿ, ಬಾಗಿಸಿ. ತಿರುಚಿದರೆ ಮರದ್ದರಲ್ಲಿ ಬುಡ ಸಡಿಲವಾಗಿ ನೀರು ಒಳಗೆ ಹೋಗುತ್ತದೆ. ಎಸೆದು ನೋಡಿ, ಮತ್ತೆ ಬಾಗಿಸಿ, ಮತ್ತೆ ಎಸೆದು ನೋಡಿ. ತಕ್ಕಡಿ ಮುಳ್ಳು ಸರಿಮಾಡುವ ತಾಳ್ಮೆ ಬೇಕು. ನೇರವಾದ ಗಳಿಗೆ ಕೋಲಿನ ತುದಿಯಲ್ಲೇ ತಿಳಿಯುತ್ತದೆ, ನಡುಕ ಒಂದೇ ಸಮನಾಗುತ್ತದೆ.

ಪೈಕ್ ಬಂದಾಗ

ಮೊದಲ ಬೇಸಿಗೆಯಲ್ಲಿ ಹನ್ನೆರಡು ಡಾಲರಿನ ಲ್ಯೂರೊಂದನ್ನು ಮೂರನೇ ಎಸೆತಕ್ಕೇ ಕಳಕೊಂಡೆ. ದಾರ ತುಂಡಾದದ್ದು ಕೈಗೆ ತಿಳಿಯಲೇ ಇಲ್ಲ, ಭಾರ ಇತ್ತು, ಭಾರ ಇಲ್ಲ. ತುದಿ ಬ್ಲೇಡಿನಿಂದ ಕೊಯ್ದ ಹಾಗಿತ್ತು. ಬ್ಯಾಸಿನ ಬಾಯಿ ಮರಳುಕಾಗದ, ಹೆಬ್ಬೆರಳು ಹಾಕಿ ಕೆಳದವಡೆ ಹಿಡಿದೆತ್ತಬಹುದು. ಪೈಕಿನ ಬಾಯಿಗೆ ಬೆರಳು ಹಾಕಿದರೆ ಬೆರಳು ನಿಮ್ಮದಲ್ಲ.

ಹಾಗಾಗಿ ಪೈಕಿಗೆ ಬೇರೆ ಲ್ಯೂರ್ ಹುಡುಕುವುದಕ್ಕಿಂತ ಮೊದಲು ತಂತಿ ಕೊಳ್ಳಿ. ದಾರಕ್ಕೂ ಲ್ಯೂರಿಗೂ ನಡುವೆ ಕಟ್ಟುವ ಆರೇಳು ಅಂಗುಲದ ತೆಳು ಸ್ಟೀಲ್ ಅಥವಾ ಟೈಟೇನಿಯಂ ಲೀಡರ್. ಅರವತ್ತು, ಎಂಬತ್ತು ಪೌಂಡಿನ ದಪ್ಪ ಫ್ಲೂರೊಕಾರ್ಬನ್ ಕಣ್ಣಿಗೆ ಕಾಣುವುದಿಲ್ಲವೆಂದು ಅದನ್ನೇ ಕಟ್ಟುವವರೂ ಇದ್ದಾರೆ. ಹೆಚ್ಚಿನ ಸಲ ತಡೆಯುತ್ತದೆ, ಆದರೆ ಪೈಕಿನ ಹಲ್ಲಿಗೆ ಅದನ್ನೂ ಕತ್ತರಿಸಲು ಬರುತ್ತದೆ. ಲೀಡರ್ ಭಾರವಾದರೆ ಎರಡಂಗುಲದ ಬಾಲ್ಸಾ ಮೂತಿ ಜೋತುಬಿದ್ದು ಕುಣಿಯುವುದಿಲ್ಲ, ಅದಕ್ಕೇ ಪೈಕಿಗೆ ಮೂರರಿಂದ ಐದಂಗುಲದ ಲ್ಯೂರ್ ಹೊಂದುವುದು. ಲೀಡರಿನ ತುದಿಯ ಕೊಂಡಿ ದುಂಡಗಿರಲಿ, ಚೂಪಾಗಿದ್ದರೆ ಲ್ಯೂರ್ ಒಂದು ಮೂಲೆಗೆ ಸಿಕ್ಕಿ ವಾಲುತ್ತದೆ.

ಗಾಳದ ಮೊನೆಯ ಹಿಂದಿರುವ ಹಿಮ್ಮುಖ ಸಣ್ಣ ಕೊಕ್ಕೆಯನ್ನು (ಬಾರ್ಬ್) ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಎರಡು ಮೂರು-ಮುಳ್ಳಿನ ಗಾಳ ಹೊತ್ತ ಪೈಕ್ ದೋಣಿಯೊಳಗೆ ಒದ್ದಾಡುವಾಗ ಒಂದು ಅದರ ಬಾಯಲ್ಲಿ, ಇನ್ನೊಂದು ನಿಮ್ಮ ಅಂಗೈಯಲ್ಲಿ ಇರುವ ಸಾಧ್ಯತೆ ತಮಾಷೆಯಲ್ಲ. ನನ್ನ ಬಲ ಹೆಬ್ಬೆರಳಿನ ಬುಡದಲ್ಲಿ ಗುರುತಿದೆ. ಮೀನನ್ನು ಬಲೆಯಲ್ಲಿ ನೀರಿನೊಳಗೇ ಇಟ್ಟು, ಕಿವಿರಿನ ಮುಚ್ಚಳದ ಒಳಗೆ ಬೆರಳು ಹೂಡಿ, ಕೆಂಪು ಕಿವಿರು ಮುಟ್ಟದಂತೆ ದವಡೆಯ ಕಡೆಗೆ ಜಾರಿಸಿ ಹಿಡಿದರೆ ಬಾಯಿ ತಾನೇ ತೆರೆಯುತ್ತದೆ. ಉದ್ದ ಮೂತಿಯ ಇಕ್ಕಳ ಬೇಕು. ಗಾಳ ತೀರಾ ಒಳಗಿದ್ದರೆ ಕಟಿಂಗ್ ಪ್ಲೈಯರಿನಲ್ಲಿ ಗಾಳವನ್ನೇ ಕತ್ತರಿಸಿ, ಐವತ್ತು ಸೆಂಟಿನ ಗಾಳ ಹೋದರೆ ಹೋಯಿತು.

ಬಿಡುವುದೋ ಒಯ್ಯುವುದೋ ಎಂಬುದನ್ನು ನಿಯಮ ಹೇಳುತ್ತದೆ. ಮಿನೆಸೋಟದಲ್ಲಿ 2018ರಿಂದ ಪೈಕಿಗೆ ಮೂರು ವಲಯ. ಉತ್ತರ-ಮಧ್ಯ ವಲಯದಲ್ಲಿ ಹತ್ತು ಒಯ್ಯಬಹುದು, ಆದರೆ 22ರಿಂದ 26 ಅಂಗುಲದವನ್ನು ಬಿಡಲೇಬೇಕು, 26 ಮೀರಿದ್ದು ಎರಡೇ. ದಕ್ಷಿಣದಲ್ಲಿ ಎರಡೇ ಮೀನು, 24 ಅಂಗುಲಕ್ಕಿಂತ ಚಿಕ್ಕದಾಗಿರಬಾರದು. ಕೆಲವು ಕೆರೆಗಳಿಗೆ ಅದರದ್ದೇ ನಿಯಮ ಇರುತ್ತದೆ, ಆ ವರ್ಷದ ಸರ್ಕಾರಿ ಪುಸ್ತಿಕೆ ನೋಡಿಕೊಳ್ಳಿ. ಹತ್ತು ಬಿಟ್ಟಿರುವುದಕ್ಕೆ ಕಾರಣ ಆ ಕಡೆಯ ಕೆರೆಗಳಲ್ಲಿ ಚಿಕ್ಕ ಪೈಕುಗಳು ತುಂಬಿ ತುಳುಕುತ್ತಿರುವುದು. ಇಲ್ಲಿಯವರು ಅವಕ್ಕೆ 'ಹ್ಯಾಮರ್ ಹ್ಯಾಂಡಲ್' (ಸುತ್ತಿಗೆಯ ಹಿಡಿಕೆ) ಎಂದು ಅಡ್ಡಹೆಸರಿಟ್ಟು, ಕವಲುಮುಳ್ಳಿಗೆ ಬೇಸತ್ತು ವಾಪಸು ಬಿಡುತ್ತಾರೆ. ಮುಳ್ಳು ಬಿಡಿಸಿ ತಿಂದು ಬೆಳೆದ ನಮಗೇನು? ಒತ್ತೊತ್ತಾಗಿ ಗೀರು ಹಾಕಿ, ಖಾರ-ಹುಣಿಸೆ ಮೆತ್ತಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದರೆ ಸಣ್ಣ ಮುಳ್ಳು ಗರಿಗರಿಯಾಗಿ ಕರಗಿಯೇ ಹೋಗುತ್ತದೆ.

ಕೊನೆಗೆ ಬಣ್ಣ

ನೀರು ತಿಳಿಯಾಗಿದ್ದರೆ ಆ ಕೆರೆಯಲ್ಲಿರುವ ಸಣ್ಣ ಮೀನಿನ ಬಣ್ಣ: ಪರ್ಚ್, ಬ್ಲೂಗಿಲ್, ಬೆಳ್ಳಿ ಮೈಯ ಶ್ಯಾಡ್. ಮಿನ್ನೆಟೊಂಕಾದಲ್ಲಿ 2010ರಲ್ಲಿ ಜೀಬ್ರಾ ಮಸಲ್ ಚಿಪ್ಪುಗಳು ಸೇರಿಕೊಂಡ ಮೇಲೆ ಅವು ನೀರು ಸೋಸಿ ಸೋಸಿ ತಿಳಿಯಾಗಿಸಿವೆ, ನನ್ನ ಕಡುಬಣ್ಣದವು ಅಲ್ಲಿ ಮೂಲೆಗುಂಪು. (ಆ ಚಿಪ್ಪನ್ನು ಇನ್ನೊಂದು ಕೆರೆಗೆ ಹೊತ್ತೊಯ್ಯದಿರಲು ದೋಣಿಯ ತಳದ ಬಿರಡೆ ತೆಗೆದು, ನೀರು ಬಸಿದೇ ರಸ್ತೆಗೆ ಇಳಿಯಬೇಕು. ಇದು ಕಾನೂನು.) ನೀರು ಚಹಾದ ಬಣ್ಣಕ್ಕಿದ್ದರೆ, ಕದಡಿದ್ದರೆ ಕಪ್ಪು ಬೆನ್ನಿನ ನಿಂಬೆಹಳದಿ. ವಸಂತದಲ್ಲಿ ಕ್ರೇಫಿಶ್ (ಸಿಗಡಿಯಂಥ ಸಿಹಿನೀರಿನ ಜೀವಿ) ಕೆಂಪು. ಪೈಕಿಗೆ ಹಸಿರು-ಹಳದಿ-ಕಿತ್ತಳೆ ಪಟ್ಟೆಯ 'ಫೈರ್‌ಟೈಗರ್' ಒಂದಿದ್ದರೆ ಬಣ್ಣದ ಮಾತು ಮುಗಿಯಿತು.

ದಡದಿಂದ ಎಸೆಯುವವರು ಬ್ಲೂಗಿಲ್ ಬಣ್ಣದ ಒಂದು ಸ್ಕ್ವೇರ್‌ಬಿಲ್, ಅರ್ಧ ಔನ್ಸಿನ ಒಂದು ಲಿಪ್‌ಲೆಸ್, ಎರಡು ಲೀಡರ್, ಒಂದು ಇಕ್ಕಳ ಕೊಂಡರೆ ಸಾಕು. ನಲವತ್ತು ಡಾಲರ್ ದಾಟುವುದಿಲ್ಲ. ದೋಣಿ ಇರುವ ಸ್ನೇಹಿತರು ಸಿಕ್ಕಿದರೆ ಅದಕ್ಕೆ ಪರ್ಚ್ ಬಣ್ಣದ ಡಿಟಿ 10 ಸೇರಿಸಿ. ಮಿಲ್ ಲ್ಯಾಕ್ಸ್ ಸರೋವರದ ಕಲ್ಲುದಿಬ್ಬಗಳ ಮೇಲೆ ಸ್ಮಾಲ್‌ಮೌತ್ ಹುಡುಕಲು ಹೊರಟವರಿಗೂ ಅದೇ ಸಾಕು. 1,32,000 ಎಕರೆ ವಿಸ್ತಾರದ ಆ ನೀರಿನ ಅತ್ಯಂತ ಆಳದ ಜಾಗವೇ 42 ಅಡಿ, ಕಲ್ಲುಗಳ ನೆತ್ತಿಯೋ ಅದಕ್ಕಿಂತ ಎಷ್ಟೋ ಮೇಲೆ. ಗಾಳಿ ಎದ್ದ ದಿನ ಮಾತ್ರ ಅಲ್ಲಿಗೆ ಸಣ್ಣ ದೋಣಿ ಒಯ್ಯಬೇಡಿ.